ತಳ ಕಾಣದ ಡಬ್ಬಿ

ಕಳೆದ ವಾರ ಅಡುಗೆಮನೆಯ ಅಟ್ಟ ಗುಡಿಸುವಾಗ ಹಳೆಯ ಕುಕ್ಕರನ್ನು ಕೆಳಗಿಳಿಸಿದೆ. ಅದರೊಳಗೆ ಒಂದು ಕಪ್ಪು ಪ್ಲಾಸ್ಟಿಕ್ ಡಬ್ಬಿ ಇದೆ. ಹಿಂದೆ ಕ್ಯಾಮೆರಾದ ಫಿಲ್ಮ್ ರೋಲು ಬರುತ್ತಿತ್ತಲ್ಲ, ಅಂಥದ್ದು. ಅಕಸ್ಮಾತ್ತಾಗಿ ಸಿಕ್ಕಿತು ಎಂದು ಬರೆದರೆ ಸುಳ್ಳಾಗುತ್ತದೆ. ಅದು ಅಲ್ಲಿದೆ ಎಂದು ನನಗೆ ಗೊತ್ತಿತ್ತು. ಅದಕ್ಕೇ ಇಷ್ಟು ವರ್ಷ ಆ ಕುಕ್ಕರಿನಲ್ಲಿ ಅನ್ನ ಮಾಡಿಲ್ಲ. ಆದರೆ ಈ ಸಲ ಮುಚ್ಚಳ ಸ್ವಲ್ಪ ಸಡಿಲಾಗಿತ್ತು. ಕೈಗೆತ್ತಿಕೊಂಡ ಕೂಡಲೇ ವಾಸನೆ ಬಂತು. ಸುಟ್ಟ ಬೆರಣಿಯ ವಾಸನೆ, ಅದರ ಹಿಂದೆ ಎಲ್ಲೋ ಕರ್ಪೂರ…

ಡಬ್ಬಿ ನಮ್ಮ ಓನರ್ ಆಂಟಿಯದು. ಹೊಸ ವಿಮಾನ ನಿಲ್ದಾಣ ಶುರುವಾದ ಹೊಸದರಲ್ಲಿ ನಾನು ಯಲಹಂಕದ ಹಳೇ ಪೇಟೆಯಲ್ಲಿ ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಹೆಸರಘಟ್ಟದ ಕಡೆ ಒಂದು ಬೀಜದ ಲ್ಯಾಬಿನಲ್ಲಿ ಕೆಲಸ. ಮೊಳಕೆ ಬಂದದ್ದು, ಬಾರದ್ದು ನೋಡಿ ಬರೆದಿಡುವುದು. ಕಂಡದ್ದನ್ನಷ್ಟೇ ಬರೆಯಬೇಕು, ಊಹಿಸಬಾರದು ಎನ್ನುವ ಅಭ್ಯಾಸ ಅಲ್ಲಿಂದ ಬಂದದ್ದು. ಆಂಟಿಯ ವಿಷಯದಲ್ಲೂ ಹಾಗೆಯೇ ಬರೆಯಲು ಪ್ರಯತ್ನಿಸುತ್ತೇನೆ.

ಆಂಟಿ ಯಾರನ್ನೂ ನಂಬುತ್ತಿರಲಿಲ್ಲ. ನೀರಿನ ಮೋಟರು ಎಷ್ಟು ಹೊತ್ತು ಓಡಿತು, ಮೆಟ್ಟಿಲ ಬಳಿ ಯಾರ ಚಪ್ಪಲಿ ಬಿಟ್ಟಿತ್ತು, ಎಲ್ಲವೂ ಅವರಿಗೆ ಗೊತ್ತಿರಬೇಕಿತ್ತು.

“ನೆನ್ನೆ ಬಂದಿದ್ಳಲ್ಲ ಕರಿ ಚಪ್ಪಲಿಯೋಳು, ಯಾರವ್ಳು?”

“ನಮ್ಮಕ್ಕ, ಆಂಟಿ.”

“ಮುಖ ನಿನ್ ಥರ ಇಲ್ವಲ್ಲ.”

ಅಂಕಲ್ ಪಕ್ಕದಲ್ಲೇ ಕುಳಿತು ಪೇಪರ್ ಓದುತ್ತಿದ್ದರು. “ಮದ್ವೆ ಆದಾಗಿಂದ ನನ್ನೂ ವಿಚಾರಣೆ ಮಾಡ್ತಾನೇ ಅವ್ಳೆ ಕಣಮ್ಮ. ಇನ್ನೂ ಬಿಡುಗಡೆ ಆಗಿಲ್ಲ,” ಎಂದರು. ಆಂಟಿ ನಗಲಿಲ್ಲ. ಅಂಕಲ್ ಕಡೆ ತಿರುಗಿದಾಗ ಮಾತ್ರ ಅವರ ಹುಬ್ಬು ಸ್ವಲ್ಪ ಸಡಿಲವಾಗುತ್ತಿತ್ತು.

ಒಂದು ಭಾನುವಾರ ಅವರು ನನ್ನನ್ನು ಕೆಳಗೆ ಕರೆದರು. ಜಕ್ಕೂರಿನಲ್ಲಿ ವಿಮಾನ ಹಾರಿಸಲು ಕಲಿಯುತ್ತಿದ್ದ ಹುಡುಗನೊಬ್ಬ ಹಿಂದಿನ ವಾರ ಮನೆ ಖಾಲಿ ಮಾಡಿದ್ದ. ಅವನ ಕೋಣೆಯ ಅಟ್ಟದಲ್ಲಿ ಸಿಕ್ಕಿದ್ದನ್ನು ಆಂಟಿ ಪೇಪರಿನಲ್ಲಿ ಸುತ್ತಿ ಹಿಡಿದಿದ್ದರು. “ಕ್ಯಾಮೆರಾನಾ ನೋಡು. ನಮ್ಮನ್ ನೋಡೋಕ್ ಇಟ್ಟೋಗವ್ನಾ ಅಂತ.”

ಅದು ಕೈಯಲ್ಲಿ ಹಿಡಿದು ಆಡುವ ಆಟದ ಮಿಷನ್ನು. ಒಳಗಿದ್ದ ಆಟವೂ ಒಂದೇ. ಕಾಡುಮೇಡು ಅಲೆದು ವಿಚಿತ್ರ ಪ್ರಾಣಿಗಳನ್ನು ಹಿಡಿಯುವುದು, ಸಾಕುವುದು, ಬೇರೆಯವರ ಪ್ರಾಣಿಗಳ ಜೊತೆ ಕಾದಾಡಿಸುವುದು. ಒಂದು ಸಲಕ್ಕೆ ಆರು ಪ್ರಾಣಿಗಳು ಮಾತ್ರ ಜೊತೆಗಿರಬಹುದು. ಸೋತ ಪ್ರಾಣಿ ಸಾಯುವುದಿಲ್ಲ, ಮೂರ್ಛೆ ಹೋಗುತ್ತದೆ. ನಾನು ಹೇಗೆ ಆಡುವುದೆಂದು ತೋರಿಸಿದೆ. ಕ್ಯಾಮೆರಾ ಅಲ್ಲ ಎಂದು ಖಾತ್ರಿಯಾಗುವ ತನಕ ನೋಡುತ್ತೇನೆ ಎಂದು ಆಂಟಿ ಅದನ್ನು ಇಟ್ಟುಕೊಂಡರು. ಆಮೇಲೆ ಅದು ಅವರ ಕೈ ಬಿಡಲಿಲ್ಲ.

ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ರಜೆಯ ದಿನ ಮಧ್ಯಾಹ್ನ ನಾನು ಜಗಲಿಯಲ್ಲಿ ಪಕ್ಕಕ್ಕೆ ಕುಳಿತು ಪರದೆಯ ಮೇಲಿನ ಸಾಲುಗಳನ್ನು ಓದಿ ಹೇಳಬೇಕು, ಅವರು ಗುಂಡಿ ಒತ್ತಬೇಕು. ಹಿಡಿದ ಪ್ರಾಣಿಗೆ ನಾವೇ ಹೆಸರಿಡಬಹುದಿತ್ತು. ಆಂಟಿ ಇಡಿಸುತ್ತಿದ್ದುದು ಹಿಂದೆ ಬಾಡಿಗೆಗಿದ್ದು ಹೋದವರ ಹೆಸರು. ನರ್ಸು, ಪೈಲಟ್ಟು, ಕೋಳಿ ಅಂಗಡಿ, ಬ್ಯಾಂಕು. ನಿಧಾನವಾಗಿ ನಡೆಯುವ ಒಂದಕ್ಕೆ ಮೇಷ್ಟ್ರು. ನಾನು ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆಯುತ್ತಿದ್ದೆ.

“ಇರೋರ ಹೆಸ್ರು ಯಾಕಿಡಲ್ಲ ಆಂಟಿ?”

“ಇರೋರ್ ಮೇಲೆ ನಾನೇ ಕಣ್ಣಿಟ್ಟಿರ್ತೀನಲ್ಲ. ಬಿಟ್ಟೋದೋರು ಏನ್ ಮಾಡ್ತವ್ರೆ ಅಂತ ಗೊತ್ತಾಗ್ಬೇಕಲ್ವಾ.”

ಆಟದೊಳಗಿನ ಹಳೆಯ ಗೋಪುರವೊಂದರ ತುದಿಯಲ್ಲಿ ನಮಗೆ ಒಂದು ಅಪರೂಪದ ವಸ್ತು ಸಿಕ್ಕಿತು. ಪವಿತ್ರವಾದ ಬೂದಿ ಎನ್ನುವ ಅರ್ಥದ ಹೆಸರು. ಅದನ್ನು ಬಳಸಿದರೆ ಮೂರ್ಛೆ ಹೋದ ಪ್ರಾಣಿಗಳೆಲ್ಲ ಒಟ್ಟಿಗೆ ಏಳುತ್ತವೆ. ಇಡೀ ಆಟದಲ್ಲಿ ಸಿಗುವುದು ಒಂದೇ, ಬಳಸಬಹುದಾದದ್ದು ಒಂದೇ ಸಲ. ನಾನು ಓದಿ ಹೇಳಿದೆ. ಆಂಟಿ ಮೊದಲ ಬಾರಿ ಆ ಮಿಷನ್ನನ್ನು ಮರ್ಯಾದೆಯಿಂದ ನೋಡಿದರು. “ಭಸ್ಮ,” ಎಂದರು.

ಅವರ ಮನೆಯ ಭಸ್ಮದ ಬಗ್ಗೆ ಇಲ್ಲಿ ಹೇಳಬೇಕು. ಪ್ರತಿ ಶಿವರಾತ್ರಿಗೆ ಅವರು ಬೆರಣಿ ಸುಟ್ಟು ಭಸ್ಮ ಮಾಡುತ್ತಿದ್ದರು. ಅಂಕಲ್ ಅದನ್ನು ಹಳೆಯ ಪಂಚೆಯಲ್ಲಿ ಜರಡಿ ಹಿಡಿಯುವರು. ಡಬ್ಬಿಯಲ್ಲಿ ಉಳಿದ ಹಳೆಯ ಭಸ್ಮದ ಮೇಲೆ ಹೊಸದನ್ನು ಬೆರೆಸಬೇಕೇ ಹೊರತು ಡಬ್ಬಿಯನ್ನು ಎಂದೂ ಖಾಲಿ ಮಾಡಬಾರದು. “ಇದ್ರಲ್ಲಿ ನಮ್ಮತ್ತೆ ಕೈದೂ ಐತೆ, ಅವ್ರ ಅತ್ತೆ ಕೈದೂ ಐತೆ,” ಎನ್ನುತ್ತಿದ್ದರು. ಜ್ವರ ಬಂದ ಬಾಡಿಗೆಯವರಿಗೂ, ಮನೆ ಖಾಲಿ ಮಾಡಿ ಹೊರಟವರಿಗೂ, ಬೈದುಕೊಂಡೇ ಹೊರಟವರಿಗೂ, ಹಣೆಗೆ ಒಂದು ಚಿಟಿಕೆ. ಬಂಧುಗಳು ಕೇಳಿದರೆ ಕಾಗದದಲ್ಲಿ ಕಟ್ಟಿ ಕೊಡುವರು. ಡಬ್ಬಿ ಮಾತ್ರ ದೇವರ ಗೂಡು ಬಿಟ್ಟು ಕದಲುತ್ತಿರಲಿಲ್ಲ.

ಆ ವರ್ಷವೇ ಅಂಕಲ್‌ಗೆ ಎದೆನೋವು ಬಂತು. ಹೆಬ್ಬಾಳದ ಆಸ್ಪತ್ರೆಯೊಂದಕ್ಕೆ ಸೇರಿಸಿದರು. ಆಪರೇಷನ್ ನಡೆಯುವಾಗ ಹೊರಗೆ ಕುಳಿತಿದ್ದವರು ನಾವಿಬ್ಬರೇ. ಆಂಟಿ ಬ್ಯಾಗಿನಿಂದ ಮಿಷನ್ ತೆಗೆದರು. ಆಟದಲ್ಲಿ ಯಾವುದೋ ಗುಹೆಯೊಳಗೆ ಒಂದೊಂದೇ ಪ್ರಾಣಿ ಬೀಳುತ್ತ ಬಂತು. ಕೊನೆಗೆ ಐದು ಬಿದ್ದು, ಮೇಷ್ಟ್ರು ಒಬ್ಬರೇ ನಿಂತಿದ್ದರು.

“ಭಸ್ಮ ಎಲ್ಲೈತೆ ತೋರ್ಸು,” ಎಂದರು ಆಂಟಿ.

“ಆಂಟಿ, ಅದು ಒಂದೇ ಸಲ. ಆಮೇಲೆ ಇರಲ್ಲ.”

“ಡಬ್ಬೀನೆಲ್ಲ ಸುರೀತೀನಾ? ಒಂದ್ ಚಿಟಿಕೆ ಹಾಕ್ತೀನಿ.”

ನಾನು ಆಟದ ಚೀಲದಲ್ಲಿ, ಸಾಮಾನುಗಳ ಪಟ್ಟಿಯಲ್ಲಿ, ಅದು ಇದ್ದ ಸಾಲನ್ನು ತೋರಿಸಿದೆ. ಗುಂಡಿ ಒತ್ತಿದ್ದು ಅವರ ಹೆಬ್ಬೆರಳು. ಇದನ್ನು ಇಷ್ಟು ಸ್ಪಷ್ಟವಾಗಿ ಹೇಳಲು ಕಾರಣವಿದೆ. ಐದೂ ಎದ್ದು ನಿಂತವು. ಚೀಲದ ಆ ಸಾಲು ಅಳಿಸಿಹೋದದ್ದನ್ನು ನಾನು ನೋಡಿದೆ. ಆಂಟಿ ನೋಡಲಿಲ್ಲ, ಏಕೆಂದರೆ ಅಷ್ಟರಲ್ಲಿ ಬಾಗಿಲು ತೆರೆದು ನರ್ಸ್ ಒಬ್ಬರು ಬಂದು, ಆಪರೇಷನ್ ಚೆನ್ನಾಗಿ ಆಯಿತು ಎಂದರು.

ಮನೆಗೆ ಬರುವಾಗ ಬಸ್ಸಿನಲ್ಲಿ ಮತ್ತೆ ಹೇಳಿದೆ. “ಆ ಭಸ್ಮ ಮುಗೀತು ಆಂಟಿ. ಇನ್ನಿಲ್ಲ.”

“ಸುಮ್ನಿರು. ಭಸ್ಮ ಎಲ್ಲಾದ್ರೂ ಮುಗಿಯುತ್ತಾ?”

ಅಂದಿನಿಂದ ಅವರು ಆಟ ಆಡುವುದನ್ನು ಬಿಟ್ಟರು. ಮಿಷನ್ನು ದೇವರ ಗೂಡಿನಲ್ಲಿ ಡಬ್ಬಿಯ ಪಕ್ಕಕ್ಕೆ ಹೋಯಿತು. ಅದರ ಚಾರ್ಜರಿನ ಪಿನ್ನು ಕೆಳಗಿನ ಮನೆಯ ಹಳೆಯ ಪ್ಲಗ್ಗಿಗೆ ಕೂರುತ್ತಿರಲಿಲ್ಲ. ಹೀಗಾಗಿ ಆಗಾಗ ನನ್ನ ಕೈಗೆ ಕೊಟ್ಟು, “ಚಾರ್ಜ್ ಹಾಕ್ಕೊಡು,” ಎನ್ನುವರು. ನಾನು ಮೇಲೆ ಒಯ್ದು ಚಾರ್ಜ್ ಹಾಕಿ ತಂದುಕೊಡುತ್ತಿದ್ದೆ. ಅಷ್ಟೇ ನಾನು ಮಾಡಿದ್ದು.

ಎರಡು ವರ್ಷದ ಮೇಲೆ ಅಂಕಲ್‌ಗೆ ಮತ್ತೆ ಕಾಯಿಲೆಯಾಯಿತು. ಅದೇ ಆಸ್ಪತ್ರೆ, ಅದೇ ಬೆಂಚು. ಈ ಸಲ ಚಿಕ್ಕಜಾಲದಿಂದ ಆಂಟಿಯ ತಂಗಿಯೂ ಬಂದಿದ್ದರು. ನಾನು ಕೆಲಸ ಮುಗಿಸಿ ಅಲ್ಲಿಗೆ ಹೋದಾಗ ಆಂಟಿ ಮಿಷನ್ನನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ತಲೆ ಎತ್ತದೆ ಕೇಳಿದರು.

“ಎಲ್ಲೋಯ್ತು?”

“ಏನು ಆಂಟಿ?”

“ಭಸ್ಮ. ಚೀಲದಲ್ಲಿ ಇಲ್ಲ.”

ಅವರೇ ಬಳಸಿದ್ದನ್ನು ನೆನಪಿಸಿದೆ. ಇದೇ ಬೆಂಚಿನ ಮೇಲೆ, ಇಂಥ ಹೊತ್ತಿನಲ್ಲಿ ಎಂದೆ. ಅವರು ಅಲ್ಲಗಳೆಯಲಿಲ್ಲ. “ಒಂದ್ ಚಿಟಿಕೆ ಹಾಕ್ದೆ. ಡಬ್ಬೀನೇ ಮಾಯ ಆಗುತ್ತಾ? ಅಂಗಂತೀಯಾ?”

ತಂಗಿ ಕೇಳಿದರು, “ನೀನು ಅದನ್ನ ಮುಟ್ಟೇ ಇಲ್ವಾ?”

“ಚಾರ್ಜ್ ಹಾಕೋಕೆ ಮುಟ್ಟಿದ್ದೀನಿ.”

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹೇಳಿದ ಕೂಡಲೇ ಅದು ಹೇಗೆ ಕೇಳಿಸಿತು ಎಂದು ನನಗೇ ಗೊತ್ತಾಯಿತು.

“ಇಂಗ್ಲಿಷ್ ಓದೋಳು ಇವ್ಳೊಬ್ಳೇ,” ಎಂದರು ಆಂಟಿ ತಂಗಿಯ ಕಡೆ ನೋಡಿ. “ಎದುರ್ಮನೆ ಹುಡ್ಗ ಹೇಳ್ತಿದ್ದ, ವೈರ್ ಹಾಕುದ್ರೆ ಒಂದ್ ಮಿಷನ್ನಿಂದ ಇನ್ನೊಂದಕ್ಕೆ ಸಾಮಾನು ಓಯ್ತದೆ ಅಂತ. ಇವ್ಳ ಹತ್ರ ಇನ್ನೊಂದ್ ಐತೆ.”

ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಅವರು ಕಣ್ಣು ತುಂಬಿಕೊಂಡು, ಧ್ವನಿ ತಗ್ಗಿಸಿ ನನ್ನ ಕೈ ಹಿಡಿದರು. “ಕೊಟ್ಬಿಡಮ್ಮ. ಯಾರಿಗೂ ಹೇಳಲ್ಲ. ಇವತ್ತೊಂದಿನ ಕೊಡು, ನಾಳೆ ನೀನೇ ಇಟ್ಕೋ.”

ನನ್ನ ಬಳಿ ಕೊಡಲು ಏನೂ ಇರಲಿಲ್ಲ. ಮರುದಿನ ಬೆಳಿಗ್ಗೆ ಅಂಕಲ್ ತೀರಿಕೊಂಡರು.

ತಿಥಿಯ ದಿನ ನನಗೂ ಎಲೆ ಹಾಕಿಸಿದರು. ಬಡಿಸಲು ಮಾತ್ರ ಆಂಟಿ ನನ್ನ ಸಾಲಿಗೆ ಬರಲಿಲ್ಲ. ಆಮೇಲೆ ನನ್ನ ಕೋಣೆಯಲ್ಲಿ ವಸ್ತುಗಳು ಜಾಗ ಬದಲಿಸತೊಡಗಿದವು. ಸೀರೆಗಳ ಮಡಿಕೆ ನನ್ನದಾಗಿರಲಿಲ್ಲ. ಹಾಸಿಗೆಯ ಕೆಳಗಿನ ಸೂಟ್‌ಕೇಸು ಗೋಡೆಗೆ ತಾಗಿಕೊಂಡಿರುತ್ತಿತ್ತು, ನಾನು ಹಾಗೆ ಇಡುವವಳಲ್ಲ. ಡೂಪ್ಲಿಕೇಟ್ ಕೀ ಅವರ ಬಳಿ ಇತ್ತು. ಅವರು ಬಂದದ್ದನ್ನು ನಾನು ಕಣ್ಣಾರೆ ಕಂಡಿಲ್ಲ, ಆದ್ದರಿಂದ ಬಂದರು ಎಂದು ಬರೆಯಲಾರೆ. ಆದರೆ ಅವರು ನನ್ನ ಬಳಿ ಇಲ್ಲದ ಆ ಇನ್ನೊಂದು ಮಿಷನ್ನನ್ನು ಹುಡುಕುತ್ತಿದ್ದಾರೆ ಎಂದೇ ನನಗೆ ಅನ್ನಿಸುತ್ತಿತ್ತು. ಇದಕ್ಕಿಂತ ಕೆಟ್ಟದ್ದೆಂದರೆ, ನನ್ನ ಮೇಲೆ ನನಗೇ ಅನುಮಾನ ಬರತೊಡಗಿತು. ಚಾರ್ಜ್ ಹಾಕುವಾಗ ಗುಂಡಿ ಏನಾದರೂ ಒತ್ತಿದ್ದೆನೇ? ಅಂದು ಬೆಂಚಿನ ಮೇಲೆ ಆ ಸಾಲು ಅಳಿಸಿದ್ದು ನಿಜವಾಗಿ ಕಂಡೆನೇ, ಆಮೇಲೆ ಕಲ್ಪಿಸಿಕೊಂಡೆನೇ… ಕಂಡೆ. ಕಂಡೆ ಎಂದೇ ಈಗಲೂ ಹೇಳುತ್ತೇನೆ.

ಕೊನೆಗೆ ಕೋಗಿಲಿನಲ್ಲಿ ಮನೆ ನೋಡಿದೆ. ಟೆಂಪೋ ಬಂದ ದಿನ ಆಂಟಿ ಗೇಟಿನ ಬಳಿ ನಿಂತಿದ್ದರು. ಪ್ರತಿ ಸಾಮಾನನ್ನೂ ನೋಡುತ್ತಿದ್ದರು.

“ಬರ್ತೀನಿ ಆಂಟಿ.”

“ಹೂಂ. ಗೇಟ್ ಹಾಕ್ಕೊಂಡೋಗು.”

ಹಣೆಗೆ ಭಸ್ಮ ಇಡಲಿಲ್ಲ. ನಾನು ನೋಡಿದ ಮಟ್ಟಿಗೆ, ಆ ಮನೆಯಿಂದ ಭಸ್ಮವಿಲ್ಲದೆ ಹೊರಟವಳು ನಾನೊಬ್ಬಳೇ.

ಕೋಗಿಲಿನಲ್ಲಿ ಪಾತ್ರೆಗಳ ಚೀಲ ಬಿಚ್ಚಿದಾಗ ಕುಕ್ಕರಿನೊಳಗೆ ಆ ಡಬ್ಬಿ ಇತ್ತು. ಮುಚ್ಚಳದ ಮೇಲೆ ಅಂಕಲ್ ಮೊಳೆಯಿಂದ ಗೀಚಿದ್ದ ಓಂಕಾರ. ಚಿಟಿಕೆ ಭಸ್ಮ ಕಟ್ಟಿದ ಕಾಗದವಲ್ಲ, ಡಬ್ಬಿಯೇ.

ಮೊದಲು ಬಂದ ಯೋಚನೆ ಒಳ್ಳೆಯದಲ್ಲ. ಕದ್ದಳು ಎಂದು ತೋರಿಸಲು ಇಟ್ಟಿದ್ದಾರೆ, ನಾಳೆ ತಂಗಿಯನ್ನು ಕರೆದುಕೊಂಡು ಬಂದು ಹುಡುಕಿಸುತ್ತಾರೆ ಎಂದುಕೊಂಡೆ. ಎಷ್ಟೋ ದಿನ ಫೋನ್ ಬಡಿದರೆ ಬೆಚ್ಚುತ್ತಿದ್ದೆ. ಯಾರೂ ಬರಲಿಲ್ಲ. ಆಮೇಲೆ, ಗಂಡನನ್ನು ಉಳಿಸದ ಭಸ್ಮ ಇನ್ನೇಕೆ ಎಂದು ಕಳಿಸಿಬಿಟ್ಟರೇನೋ ಅನ್ನಿಸಿತು. ಇನ್ನೂ ಒಂದು ಇರಬಹುದು, ನನಗೆಂದೇ ಕೊಟ್ಟರು ಎಂದು… ಅದನ್ನು ನಂಬಲು ನನಗೆ ಧೈರ್ಯ ಬರಲಿಲ್ಲ. ಯಾರನ್ನೂ ಸುಲಭಕ್ಕೆ ನಂಬದಿರುವುದನ್ನು ಆ ಮನೆಯಲ್ಲೇ ಕಲಿತಿದ್ದೆ.

ಹೋಗಿ ಕೇಳಬಹುದಿತ್ತು. ಬಸ್ಸಿನಲ್ಲಿ ಆ ರಸ್ತೆಯ ಮುಂದೆಯೇ ಹಾದುಹೋಗುತ್ತಿದ್ದೆ. ಹಿಂದಿನ ತಿಂಗಳು ಯಲಹಂಕದ ಸಂತೆಯಲ್ಲಿ ಅವರ ತಂಗಿ ಸಿಕ್ಕರು. ನನ್ನ ಗುರುತು ಹಿಡಿದವರು ಅವರೇ. ಆಂಟಿ ತೀರಿಹೋಗಿ ವರ್ಷವಾಯಿತು ಎಂದರು.

“ಆ ಮಿಷನ್ನು?” ಎಂದು ಕೇಳಿದೆ.

“ಅದಾ? ಕೊನೇವರ್ಗೂ ಇತ್ತು. ಹೊಸ್ದಾಗ್ ಬಂದಿದ್ದ ಬಾಡ್ಗೆ ಹುಡ್ಗಿ ಕೈಲಿ ಒಂದಕ್ಕೆ ಹೆಸ್ರು ಹೊಡ್ಸಿದ್ಲು. ಬೀಜದ್ ಹುಡ್ಗಿ ಅಂತ. ಅದನ್ನ ಕಾದಾಡೋಕೆ ಮುಂದಕ್ಕೆ ಬಿಡ್ತಾನೇ ಇರ್ಲಿಲ್ವಂತೆ, ಬಿದ್ದೋದ್ರೆ ಎಬ್ಸೋಕ್ ಏನೂ ಇಲ್ಲ ಅಂತ.”

ನಾನು ಕೊತ್ತಂಬರಿ ಸೊಪ್ಪು ಆರಿಸುತ್ತ ನಿಂತುಬಿಟ್ಟೆ. ಎಬ್ಬಿಸಲು ಏನೂ ಇಲ್ಲ ಎಂದರು ಎಂದರೆ, ಅದು ಮುಗಿದಿತ್ತು ಎಂದು ಎಂದೋ ಒಪ್ಪಿಕೊಂಡಿದ್ದರು ಎಂದೇ? ಅಥವಾ ನಾನು ಕದ್ದೊಯ್ದೆ ಎಂದೇ? ತಂಗಿಗೂ ಗೊತ್ತಿರಲಿಲ್ಲ.

ಕಳೆದ ವಾರ ಅಟ್ಟದಿಂದ ಇಳಿಸಿದ ಡಬ್ಬಿಯ ಮುಚ್ಚಳವನ್ನು ಪೂರ್ತಿ ತೆಗೆದೆ. ಇಷ್ಟು ವರ್ಷದಲ್ಲಿ ಅದೇ ಮೊದಲು. ಕಂಠದ ಮಟ್ಟಕ್ಕೆ ತುಂಬಿತ್ತು, ಬೆರಳಿನಿಂದ ಒತ್ತಿ ಒತ್ತಿ ತುಂಬಿದಂತೆ. ಒಂದು ಚಿಟಿಕೆ ತೆಗೆದು ಹಣೆಗಿಟ್ಟುಕೊಂಡೆ. ಮುಚ್ಚಳ ಹಾಕುವ ಮುಂಚೆ ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ನೋಡಿದೆ. ಬೆರಳು ಹೋದ ಕಡೆ ಸಣ್ಣ ಗುಳಿ ಬಿದ್ದಿತ್ತು. ಕಡಿಮೆಯಾಗಿತ್ತು. ತುಸುವೇ, ಆದರೆ ಆಗಿತ್ತು. ಅದರ ಮೇಲೆ ಹೊಸದನ್ನು ಬೆರೆಸುವವರು ಇಬ್ಬರೂ ಈಗ ಇಲ್ಲ.