ಹನ್ನೊಂದು ಸೆಕೆಂಡಿನ ಗೋಡೆ

ಇಂಥ ಅನುಭವಗಳನ್ನು ಯಾರಾದರೂ ಹೇಳಿಕೊಂಡರೆ ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದವಳು. ಅದಕ್ಕೆ ನನ್ನ ಕೆಲಸವೂ ಕಾರಣ. ಬಳ್ಳಾರಿಯ ಒಂದು ಸಣ್ಣ ಕೇಬಲ್ ಸುದ್ದಿ ವಾಹಿನಿಯಲ್ಲಿ ನಾನು ವಿಡಿಯೊ ಎಡಿಟರ್ ಆಗಿದ್ದೆ. ಜಿಟಿಜಿಟಿ ಮಳೆಯನ್ನು ಜಲಪ್ರಳಯ ಮಾಡಿ ತೋರಿಸುವುದು ಹೇಗೆಂದು ಗೊತ್ತಿರುವವಳು ದೆವ್ವ ಭೂತಕ್ಕೆ ಹೆದರುವುದಾದರೂ ಹೇಗೆ? ಕಣ್ಣಿಗೆ ಕಂಡದ್ದನ್ನೇ ನಂಬದ ನಾನು ಕಾಣದ್ದನ್ನು ನಂಬುವ ಮಾತೇ ಇರಲಿಲ್ಲ. ಈಗಲೂ ನಂಬುತ್ತೇನೆ ಎನ್ನಲಾರೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನಿಮಗೆ ಏನಾದರೂ ಹೊಳೆದರೆ ಒಳ್ಳೆಯದು.

ನಾಲ್ಕು ವರ್ಷದ ಹಿಂದಿನ ಮಾತು. ಮಗಳು ಸಿರಿಗೆ ಆಗ ಆರು ವರ್ಷ. ನಾನೂ ನನ್ನ ಗಂಡನೂ ಕೆಲಸಕ್ಕೆ ಹೋಗುವುದರಿಂದ ಅವಳನ್ನು ನೋಡಿಕೊಳ್ಳಲು ನಮ್ಮವ್ವ ಕುರುಗೋಡಿನಿಂದ ಬಂದಿದ್ದಳು. ಮಗಳು ಟಿವಿಯಲ್ಲಿ ಕೆಲಸ ಮಾಡುತ್ತಾಳೆ ಎಂಬುದು ಅವ್ವನಿಗೆ ದೊಡ್ಡ ಹೆಮ್ಮೆ. ಸೀರಿಯಲ್ ಬಿಟ್ಟು ದಿನವಿಡೀ ನಮ್ಮ ವಾಹಿನಿಯನ್ನೇ ಹಾಕಿಕೊಂಡು ಕೂರುತ್ತಿದ್ದಳು. ಓಣಿಯವರು ಬಂದರೆ, ಇದು ನಮ್ಮ ಹುಡುಗಿ ಮಾಡಿದ್ದು ಎನ್ನುತ್ತಿದ್ದಳು. ಪರದೆಯ ಮೇಲೆ ನನ್ನ ಮುಖವೂ ಇರುತ್ತಿರಲಿಲ್ಲ, ಹೆಸರೂ ಇರುತ್ತಿರಲಿಲ್ಲ. ಬಿದ್ದ ಮರ, ತೇಲಿಹೋದ ದನ, ಉರುಳಿದ ಲಾರಿ ಇರುತ್ತಿದ್ದವು. ಸಿರಿ ಶಾಲೆಯಿಂದ ಬಂದು ಅಜ್ಜಿಯ ತೊಡೆಯ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದಳು. ಅದರಲ್ಲಿ ತಪ್ಪಿದೆ ಎಂದು ನನಗೆ ಅನಿಸಿಯೇ ಇರಲಿಲ್ಲ.

ಆ ಮಳೆಗಾಲದಲ್ಲಿ ಡ್ಯಾಮಿನಿಂದ ನೀರು ಬಿಟ್ಟು ಸಿರುಗುಪ್ಪದ ಕಡೆ ಹೊಳೆ ದಂಡೆಯ ಊರುಗಳಿಗೆ ನೀರು ನುಗ್ಗಿತ್ತು. ಅಲ್ಲಿನ ನಮ್ಮ ವರದಿಗಾರ ವೀರೇಶ ಕೆಂಚನಗುಡ್ಡದ ಆಚೆಯ ಒಂದು ಹಳ್ಳಿಯಿಂದ ಮೊಬೈಲಿನಲ್ಲಿ ಒಂದು ನಿಮಿಷದ ವಿಡಿಯೊ ಕಳಿಸಿದ. ಮಣ್ಣಿನ ಗೋಡೆಯೊಂದು ನೆನೆದು, ಬಾಗಿ, ನೀರಿಗೆ ಕುಸಿಯುತ್ತದೆ. ಎಡಗಡೆ ಬೇವಿನ ಮರದ ಕೆಳಗೆ, ಹೆಚ್ಚುಕಡಿಮೆ ಸಿರಿಯ ವಯಸ್ಸಿನದೇ ಒಂದು ಹುಡುಗಿ ಸೊಂಟದ ಮೇಲೆ ಸ್ಟೀಲಿನ ಕೊಡ ಇಟ್ಟುಕೊಂಡು ಅಲುಗಾಡದೆ ನಿಂತಿದ್ದಾಳೆ. ನೋಡುವವರ ಕಣ್ಣು ಅವಳ ಕಡೆ ಹೋದರೆ ಗೋಡೆ ಬಿದ್ದದ್ದು ಸಪ್ಪಗಾಗುತ್ತದೆ. ಹಾಗಾಗಿ ಚಿತ್ರವನ್ನು ಹಿಗ್ಗಿಸಿ ಅವಳನ್ನು ಅಂಚಿನಿಂದ ಆಚೆ ತಳ್ಳಿದೆ. ಗೋಡೆ ಬೀಳುವ ಹನ್ನೊಂದು ಸೆಕೆಂಡು ಮಾತ್ರ ಉಳಿಸಿ, ಸುತ್ತ ಕೆಂಪು ಗೆರೆ ಎಳೆದು, ಸೈರನ್ ಸದ್ದು ಸೇರಿಸಿದೆ. ಸಂಜೆ ಮೂಲ ವಿಡಿಯೊವನ್ನು ಅಳಿಸಿದೆ. ಕಂಪ್ಯೂಟರಿನಲ್ಲಿ ಜಾಗ ಸಾಲದ್ದರಿಂದ ದಿನಾ ಸಂಜೆ ಹೀಗೆ ಅಳಿಸುವುದು ನಮ್ಮಲ್ಲಿ ರೂಢಿ. ಆ ಹುಡುಗಿ ಮುಂದೆ ಏನಾದಳು ಎಂದು ವೀರೇಶನನ್ನು ಕೇಳಬೇಕೆಂದು ಹೊಳೆಯಲೂ ಇಲ್ಲ. ಆ ಹನ್ನೊಂದು ಸೆಕೆಂಡು ಮೂರು ದಿನ, ಗಂಟೆಗೆ ಹತ್ತಾರು ಸಲ ಓಡಿತು.

ನಾಲ್ಕನೇ ದಿನದಿಂದ ಸಿರಿ ಸ್ನಾನಕ್ಕೆ ಬರಲು ಒಲ್ಲೆ ಎಂದಳು. ಬಕೆಟ್ಟಿಗೆ ನಲ್ಲಿ ಬಿಟ್ಟರೆ ಕಿರುಚುತ್ತಿದ್ದಳು. ಗೋಡೆ ಪಕ್ಕದ ಮಂಚ ಬಿಟ್ಟು ನಡುಮನೆಯಲ್ಲಿ, ಶಾಲೆಯ ಪಾಟಿಚೀಲ ಬೆನ್ನಿಗೆ ಹಾಕಿಕೊಂಡೇ ಮಲಗತೊಡಗಿದಳು. ಊಟವೂ ಅರ್ಧಕ್ಕರ್ಧ ಆಯಿತು. ಅವ್ವ ಉಪ್ಪು ಮೆಣಸಿನಕಾಯಿಯಿಂದ ದೃಷ್ಟಿ ತೆಗೆದಳು, ಹಲಕುಂದಿ ಮಠಕ್ಕೆ ಹೋಗಿ ವಿಭೂತಿ ತಂದಳು. ನಾನು ಮಕ್ಕಳ ಡಾಕ್ಟರ ಬಳಿ ಕರೆದೊಯ್ದೆ. ಅವರು ಎಲ್ಲ ಪರೀಕ್ಷೆ ಮಾಡಿ, ಮನೆಯಲ್ಲಿ ಟಿವಿಯಲ್ಲಿ ಏನು ನೋಡುತ್ತಾಳೆ ಎಂದು ಕೇಳಿದರು. ಕಾರ್ಟೂನು ಎಂದೆ. ನನ್ನ ಬಾಯಿಂದ ಆ ಸುಳ್ಳು ಅಷ್ಟು ಸಲೀಸಾಗಿ ಬಂದದ್ದು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಒಂದು ಬೆಳಿಗ್ಗೆ ಜಡೆ ಹಾಕುತ್ತಿದ್ದಾಗ ಅವಳೇ ಕೇಳಿದಳು.

"ಅಮ್ಮಾ, ಇವತ್ತು ಎಷ್ಟು ಮನಿ ಬೀಳಸ್ತಿ?"

ಆಗ ತಿಳಿಯಿತು. ಅವಳ ಪಾಲಿಗೆ ಅದು ಒಂದೇ ಗೋಡೆಯಲ್ಲ. ತೋರಿಸಿದ ಪ್ರತಿ ಸಲವೂ ಇನ್ನೊಬ್ಬರ ಮನೆ. ಮೇಲಾಗಿ, ನಮ್ಮ ಹುಡುಗಿ ಮಾಡಿದ್ದು ಎಂದು ಅಜ್ಜಿ ಹೇಳಿದ್ದನ್ನು ಮಗು ಹಾಗೆಯೇ ನಂಬಿತ್ತು. ಊಟದ ಡಬ್ಬಿ ಹಿಡಿದುಕೊಂಡು ದಿನಾ ಮನೆ ಕೆಡವಲು ಹೋಗುವ ತಾಯಿ ನಾನು. ಕೂರಿಸಿಕೊಂಡು ಬಿಡಿಸಿ ಹೇಳಿದೆ, ಬಿದ್ದದ್ದು ಒಂದೇ ಗೋಡೆ, ಅದೂ ಮಳೆಗೆ ಎಂದು. ಎಲ್ಲ ಕೇಳಿಸಿಕೊಂಡು ಅವಳು ಅಂದಳು:

"ಹಂಗಾದ್ರ ಆ ಕೊಡದ ಹುಡುಗಿ ಯಾಕ ಇನ್ನಾ ಅಲ್ಲೇ ನಿಂತಾಳ? ಅಕಿನ್ನ ಯಾರೂ ಕರಿಯೋದಿಲ್ಲೇನು?"

ಯಾವ ಹುಡುಗಿ ಎಂದೆ. ಬೇವಿನ ಮರ, ಸ್ಟೀಲಿನ ಕೊಡ, ಅದನ್ನು ಸೊಂಟದ ಮೇಲೆ ಇಟ್ಟುಕೊಂಡಿದ್ದ ರೀತಿ, ಎಲ್ಲವನ್ನೂ ಹೇಳಿದಳು. ಆಫೀಸಿಗೆ ಓಡಿ, ಪ್ರಸಾರವಾದ ತುಣುಕನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಹುಡುಗಿ ಹಾಗಿರಲಿ, ಬೇವಿನ ಒಂದು ಎಲೆಯೂ ಅದರಲ್ಲಿ ಇರಲಿಲ್ಲ.

ಭಾನುವಾರ ಸಿರುಗುಪ್ಪದ ಬಸ್ಸು ಹತ್ತಿದೆ. ವೀರೇಶ ಬೈಕಿನಲ್ಲಿ ಆ ಊರಿಗೆ ಕರೆದೊಯ್ದ. ನೀರು ಇಳಿದಿತ್ತು, ಗದ್ದೆಗಳಲ್ಲಿ ಭತ್ತ ಕೆಸರು ಮೆತ್ತಿಕೊಂಡು ಮಲಗಿತ್ತು. ಮರ ಇತ್ತು, ಬಿದ್ದ ಗೋಡೆಯ ಮಣ್ಣೂ ಇತ್ತು. ಹುಡುಗಿಯನ್ನು ತಾನು ನೋಡಲೇ ಇಲ್ಲ ಎಂದು ವೀರೇಶ ಹೇಳಿದ. ಅವನ ಮೊಬೈಲಿನಲ್ಲೂ ವಿಡಿಯೊ ಉಳಿದಿರಲಿಲ್ಲ. ಆ ಮನೆಯ ಯಜಮಾನಿ, ವಯಸ್ಸಾದ ಹೆಂಗಸು, ನನ್ನನ್ನು ಅನುಮಾನದಿಂದಲೇ ನೋಡಿದಳು.

"ಎರಡು ದಿನ ಮದ್ಲ ಕೂಸುಗಳ್ನೆಲ್ಲ ಸಿರುಗುಪ್ಪದ ಸಾಲ್ಯಾಗಿನ ಗಂಜಿ ಕೇಂದ್ರಕ್ಕ ಕಳಿಸಿದ್ವಿರಿ. ಗ್ವಾಡಿ ಬೀಳಾಗ ಊರಾಗ ಒಂದು ಕೂಸೂ ಇರಲಿಲ್ಲ."

ಅಂದು ಕೇಳದವರು ಈಗ ಯಾಕೆ ಕೇಳುತ್ತೀರಿ ಎಂದೂ ಅಂದಳು. ನಾನು ತಲೆ ತಗ್ಗಿಸಿಕೊಂಡು ಬಂದೆ.

ಸಂಜೆ ಮನೆಗೆ ಬಂದಾಗ ಸಿರಿ ಬಾಗಿಲಲ್ಲೇ ಕಾಯುತ್ತಿದ್ದಳು. ಆ ಹುಡುಗಿಯನ್ನು ಅವರವ್ವ ಬಂದು ಕರೆದುಕೊಂಡು ಹೋದಳು, ನಾನೇ ಕಣ್ಣಾರೆ ನೋಡಿದೆ ಎಂದೆ. ಇನ್ನು ಮೇಲೆ ಆ ಗೋಡೆ ಬೀಳಿಸುವುದಿಲ್ಲ ಎಂದು ಅವಳ ಕೈಯ ಮೇಲೆ ಕೈಯಿಟ್ಟು ಆಣೆ ಮಾಡಿದೆ. ಮರುದಿನವೇ ಕೇಬಲ್ ತೆಗೆಸಿದೆ. ಹದಿನೈದು ದಿನಗಳಲ್ಲಿ ಪಾಟಿಚೀಲ ಬೆನ್ನಿಂದ ಇಳಿದು ಗೋಡೆಯ ಮೊಳೆಗೆ ಹೋಯಿತು. ಬಚ್ಚಲಿನಿಂದ ಹಾಡು ಕೇಳಿಸತೊಡಗಿತು.

ಮರುವರ್ಷ ಮತ್ತೆ ಹೊಳೆಗೆ ನೀರು ಬಿಟ್ಟರು. ಅಂದು ಶನಿವಾರ, ಅವ್ವ ಸಿರಿಯನ್ನು ಕರೆದುಕೊಂಡು ಕುರುಗೋಡಿಗೆ ಹೋಗಿದ್ದಳು. ನಾಲ್ಕು ಗಂಟೆಯ ಸುದ್ದಿಗೆ ಹತ್ತು ನಿಮಿಷ ಉಳಿದಿತ್ತು, ಹೊಸ ದೃಶ್ಯ ಬಂದಿರಲಿಲ್ಲ. ಹಳೆಯದರಲ್ಲಿ ಹುಡುಕಿದಾಗ ಆ ಗೋಡೆ ಸಿಕ್ಕಿತು. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ 'ಸಂಗ್ರಹ ಚಿತ್ರ' ಎಂದು ಬರೆದು ಹಾಕಿಬಿಟ್ಟೆ. ಆಣೆ ಮರೆತಿತ್ತು ಎಂದು ಇಲ್ಲಿ ಬರೆಯಬಹುದಿತ್ತು. ಮರೆತಿರಲಿಲ್ಲ. ಮನೆಯಲ್ಲಿ ಕೇಬಲ್ ಇಲ್ಲ, ಮಗುವೂ ಊರಲ್ಲಿಲ್ಲ, ಅವಳಿಗೆ ಹೇಗೆ ತಿಳಿದೀತು ಎಂದುಕೊಂಡೆ.

ಸುದ್ದಿ ಮುಗಿದ ಮೇಲೆ ಕುರುಗೋಡಿಗೆ ಫೋನ್ ಮಾಡಿದೆ. ಗಾಳಿಗೆ ಕಂಬ ಬಿದ್ದು ಬೆಳಿಗ್ಗೆಯಿಂದ ಕರೆಂಟೇ ಇಲ್ಲ ಎಂದಳು ಅವ್ವ. ಸಿರಿ ಅಂಗಳದಲ್ಲಿ ಚೆನ್ನಾಗಿಯೇ ಆಡುತ್ತಿದ್ದವಳು ಈಗ ಅರ್ಧ ತಾಸಿನಿಂದ ನಡುಮನೆಯಲ್ಲಿ ಕೂತಿದ್ದಾಳೆ, ಮಾತಾಡಿಸಿದರೆ ಮಾತಾಡುತ್ತಿಲ್ಲ ಎಂದಳು. ಅವಳ ಕೈಗೆ ಫೋನ್ ಕೊಡು ಎಂದೆ.

"ಅಮ್ಮಾ, ಮತ್ತ ಬೀಳಿಸಿದಿ?"

ನಾನು ಫೋನ್ ಹಿಡಿದುಕೊಂಡೇ ಎದ್ದು ಬಾಗಿಲು ಹಾಕಿಕೊಂಡೆ.

"ಅಕಿ ಅವ್ವ ಬಂದು ಕರ್ಕೊಂಡು ಹೋದ್ಲು ಅಂದಿದ್ದಿ."

ಆಮೇಲೆ ನಾನು ವಿಚಾರಿಸದೇ ಬಿಡಲಿಲ್ಲ. ಅವ್ವನದು ಬಟನ್ ಫೋನು. ಪಕ್ಕದ ಮನೆಯವರು ಯಾರೂ ಆ ಮಧ್ಯಾಹ್ನ ಬಂದಿರಲಿಲ್ಲ. ಆ ಹುಡುಗಿಯನ್ನು ಕಂಡವರು ಇಬ್ಬರೇ. ಒಬ್ಬಳು ಕಂಡೂ ಆಚೆ ತಳ್ಳಿದ ನಾನು, ಇನ್ನೊಬ್ಬಳು ಅವಳನ್ನು ನೋಡಲು ಸಾಧ್ಯವೇ ಇಲ್ಲದ ನನ್ನ ಮಗಳು. ಇದಕ್ಕೆ ಅರ್ಥ ಹೇಳುವವರು ನನಗೆ ಇನ್ನೂ ಸಿಕ್ಕಿಲ್ಲ.

ಆ ಕೆಲಸ ಬಿಟ್ಟೆ. ಈಗ ಮದುವೆ, ಗೃಹಪ್ರವೇಶದ ವಿಡಿಯೊ ಮಾಡಿಕೊಡುತ್ತೇನೆ. ಅಂಚಿನಲ್ಲಿ ಯಾವುದಾದರೂ ಮಗು ನಿಂತಿದ್ದರೆ ಹಾಗೆಯೇ ಬಿಡುತ್ತೇನೆ, ಗಿರಾಕಿಗಳು ಬೈದರೂ ಸರಿ. ಸಿರಿಗೆ ಈಗ ಹತ್ತು ವರ್ಷ. ಕೇಳಿದರೆ ಅದೆಲ್ಲ ನೆನಪಿಲ್ಲ ಎನ್ನುತ್ತಾಳೆ. ಆದರೆ ಮಳೆ ಜೋರಾದ ದಿನ ನಾನು ಕೆಲಸದಿಂದ ಬಂದರೆ, ಇವತ್ತಿಗೂ ಅವಳು ಮೊದಲು ನೋಡುವುದು ನನ್ನ ಕೈಗಳನ್ನು.