ಎಂಟು ಏಳರ ಚೌಕಾಸಿ

ನನ್ನ ಮೊಮ್ಮಗಳು ಅನ್ವಿಯ ಹೊಟ್ಟೆನೋವು ಗಣಿತದ ಪುಸ್ತಕ ತೆರೆದೊಡನೆ ಬರುತ್ತಿತ್ತು, ಮುಚ್ಚಿದೊಡನೆ ಹೋಗುತ್ತಿತ್ತು. ಇಷ್ಟು ಶಿಸ್ತಿನ ಕಾಯಿಲೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಓಮದ ನೀರು ಕುಡಿಸಿದೆವು, ದೃಷ್ಟಿ ತೆಗೆದೆವು, ಕೊನೆಗೆ ಡಾಕ್ಟರಿಗೂ ತೋರಿಸಿದೆವು. ಅವರು ಹೊಟ್ಟೆ ಒತ್ತಿ ನೋಡಿ, ಇದಕ್ಕೆ ಮದ್ದು ನನ್ನ ಬಳಿ ಇಲ್ಲ, ಒಂದನೇ ಕ್ಲಾಸಿನ ಕೂಡುವ ಲೆಕ್ಕ ಯಾರಾದರೂ ಸಮಾಧಾನದಿಂದ ಹೇಳಿಕೊಡಿ ಎಂದರು.

ಮಗ, ಸೊಸೆ ಇಬ್ಬರೂ ಬೆಳಿಗ್ಗೆ ಲೋಕಲ್ ರೈಲು ಹಿಡಿದು ಊರಿನ ಇನ್ನೊಂದು ತುದಿಯ ಫೋರ್ಟಿನ ಆಫೀಸಿಗೆ ಹೋದರೆ ಕಾಂದಿವಲಿಗೆ ಮರಳುವಷ್ಟರಲ್ಲಿ ಮಾತಾಡುವ ತ್ರಾಣವೂ ಉಳಿದಿರುವುದಿಲ್ಲ. ಹೀಗಾಗಿ ಹೋಮ್‌ವರ್ಕು ನನ್ನ ಪಾಲಿಗೆ ಬಂತು. ನಾನು ಕುಂದಾಪುರದ ಕಡೆಯ ಶಾಲೆಯಲ್ಲಿ ಅರ್ಧ ಓದಿ, ಮದುವೆಯಾಗಿ ಇಲ್ಲಿಗೆ ಬಂದು, ಸಗಟು ಅಂಗಡಿಗಳಿಂದ ಸೀರೆ ತಂದು ಬಿಲ್ಡಿಂಗಿನ ಹೆಂಗಸರಿಗೆ ಮಾರುತ್ತಲೇ ಮನೆ ಕಟ್ಟಿದವಳು. ಗಣಿತ ನನಗೆ ಬರುವುದಿಲ್ಲ, ಚೌಕಾಸಿ ಬರುತ್ತದೆ. ಎರಡೂ ಬೇರೆ ಬೇರೆ ವಿದ್ಯೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ನೀವೇ ಯೋಚಿಸಿ. ಅಂಗಡಿಯವನು ಮೇಲಿನಿಂದ ಇಳಿಯುತ್ತಾನೆ, ಅದು ಕಳೆಯುವ ಲೆಕ್ಕ. ನಾನು ಕೆಳಗಿನಿಂದ ಹತ್ತುತ್ತೇನೆ, ಅದು ಕೂಡುವ ಲೆಕ್ಕ. ನಡುವೆ ಎಲ್ಲೋ ಇಬ್ಬರೂ ಸಂಧಿಸಿ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತೇವಲ್ಲ, ಅದೇ ಉತ್ತರ. ಸೊನ್ನೆಯನ್ನು ಕಂಡುಹಿಡಿದವರು ನಮ್ಮ ದೇಶದವರೇ ಎಂದು ಎಲ್ಲರೂ ಎದೆ ತಟ್ಟಿಕೊಳ್ಳುತ್ತಾರೆ. ಯಾರೋ ಋಷಿ ಮರದ ಕೆಳಗೆ ಕಣ್ಣು ಮುಚ್ಚಿ ಕುಳಿತಾಗ ಅದು ಹೊಳೆಯಿತೆಂದು ನಾನು ನಂಬುವುದಿಲ್ಲ. ಯಾವಳೋ ಜಾಣೆ ಸಂತೆಯಲ್ಲಿ ಸೀರೆ ಹಿಡಿದು ನಿಂತಿದ್ದಾಳೆ, ವ್ಯಾಪಾರಿ "ನೀವೇ ಹೇಳಿಯಮ್ಮ, ಎಷ್ಟು ಕೊಡ್ತೀರಿ?" ಎಂದಿದ್ದಾನೆ. ಅವಳು ಹೇಳಿದ ಮೊದಲ ಬೆಲೆಯೇ ಸೊನ್ನೆ.

ಈ ತತ್ವದ ಮೇಲೆ ನಾನು ಪಾಠ ಶುರುಮಾಡಿದೆ. ಪುಸ್ತಕವನ್ನು ಗೋದ್ರೆಜ್ ಬೀರುವಿನೊಳಗೆ ಸೀರೆಗಳ ಅಡಿಗೆ ತಳ್ಳಿದೆ. ಬಟಾಣಿ ಸುಲಿದು ಬಟ್ಟಲಿಗೆ ಹಾಕಿ, "ಎಷ್ಟಿದೆ, ಹೇಳು" ಎಂದೆ. ಅವಳು ನೂರು ಎಂದಳು. ನಾನು, "ನೂರಾ? ಲೂಟಿ ಮಾಡ್ತಿದ್ದೀಯಾ? ಹತ್ತು" ಎಂದೆ. ಅವಳು ಕಣ್ಣರಳಿಸಿ ಎಂಬತ್ತಕ್ಕೆ ಇಳಿದಳು, ನಾನು ಗೊಣಗುತ್ತಾ ಇಪ್ಪತ್ತಕ್ಕೆ ಹತ್ತಿದೆ. ಕೊನೆಗೆ ಇಬ್ಬರೂ ಎಣಿಸಿದೆವು. ಯಾರ ಮಾತು ಹತ್ತಿರವೋ ಅವರಿಗೆ ಬಟಾಣಿ. ವಾರದೊಳಗೆ ಹೊಟ್ಟೆನೋವು ಮಾಯ. ಬೆಂಡೆಕಾಯಿಯ ಹೋಳು, ಎದುರು ಬಿಲ್ಡಿಂಗಿನ ಕಿಟಕಿ, ಸೊಸೆಯ ಬಳೆ, ಹುಡುಗಿ ಕಂಡದ್ದನ್ನೆಲ್ಲ ಲೆಕ್ಕಕ್ಕೆ ಎಳೆದು ನಗತೊಡಗಿದಳು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ನೀವೂ ಇದನ್ನು ಮಾಡಿ ನೋಡಿ. ಆದರೆ ದಯವಿಟ್ಟು ಇಲ್ಲಿಗೇ ನಿಲ್ಲಿಸಿ.

ನಾನು ನಿಲ್ಲಿಸಲಿಲ್ಲ. ಕಲಿಯುವ ಉತ್ಸಾಹದ ಮಗು ಕೈಗೆ ಸಿಕ್ಕಿದಾಗ ಇರುವ ವಿದ್ಯೆಯನ್ನೆಲ್ಲ ಧಾರೆ ಎರೆಯಬೇಕು ಅನ್ನಿಸುತ್ತದೆ. ಮೊದಲು ಹೇಳುವ ಅಂಕಿ ನಿಜದ ಅಂಕಿಯಾಗಿರಬಾರದು ಎಂದು ಹೇಳಿಕೊಟ್ಟೆ. ಆದಷ್ಟು ಎದುರಿನವರ ಬಾಯಿಂದಲೇ ಅಂಕಿ ಹೊರಡಿಸಬೇಕು ಎಂದೆ. ಕೊನೆಗೆ ನನ್ನ ಬ್ರಹ್ಮಾಸ್ತ್ರವನ್ನೂ ಕೊಟ್ಟುಬಿಟ್ಟೆ: ಮಾತು ಕುದುರದಿದ್ದರೆ ಚೀಲ ಎತ್ತಿಕೊಂಡು ಹೊರಟುಬಿಡಬೇಕು. ನಿಧಾನವಾಗಿ ಹೋಗಬೇಕು, ಆದರೆ ನಿಧಾನವಾಗಿ ಹೋಗುತ್ತಿದ್ದೇವೆ ಎಂದು ಗೊತ್ತಾಗಬಾರದು. ಹಿಂದಿನಿಂದ "ಅರೇ ಮೌಸಿ, ಆವೋ ಆವೋ, ಲೇ ಜಾವೋ!" ಎಂದು ವಾಪಸು ಕರೆಯುವ ಕೂಗು ಬಂದೇ ಬರುತ್ತದೆ. ನನ್ನ ಬೆನ್ನು ನೋಡಿಯೂ ಕರೆಯದೆ ಇದ್ದ ಅಂಗಡಿಯವನು ಈ ಊರಿನಲ್ಲಿ ಇನ್ನೂ ಹುಟ್ಟಿಲ್ಲ.

ಮನೆಯ ಬದುಕು ಸ್ವಲ್ಪ ವಿಚಿತ್ರವಾಯಿತು. ಸೊಸೆ ಇನ್ನು ನಾಲ್ಕು ತುತ್ತು ತಿನ್ನು ಎಂದರೆ ಅನ್ವಿ ಅರ್ಧ ತುತ್ತಿನಿಂದ ಚೌಕಾಸಿ ಶುರುಮಾಡುತ್ತಿದ್ದಳು. ಥರ್ಮಾಮೀಟರು ನೂರೊಂದು ತೋರಿಸಿದ ದಿನ, "ನೈಂಟಿ ನೈನ್ ಕರ್ ದೋ ನಾ ಪಪ್ಪಾ" ಎಂದು ಎರಡು ಡಿಗ್ರಿ ಇಳಿಸಿಕೊಡಲು ಜ್ವರದಲ್ಲೂ ಅಂಗಲಾಚಿದಳು. ಮಗ ನನ್ನ ಮುಖ ನೋಡಿದ. "ಅಮ್ಮ, ಇದು ಗಣಿತವಾ?"

"ಕೂಸು ಅಂಕಿಗೆ ಹೆದರುದಿಲ್ಲ ಅಲ್ಲದಾ ಈಗ? ಸುಮ್ನಿರು" ಎಂದೆ.

ಆಮೇಲೆ ಶಾಲೆಯಲ್ಲಿ ಬಾಯಿ ಪರೀಕ್ಷೆ ಬಂತು. ಮಧ್ಯಾಹ್ನದ ಹೊತ್ತು, ಗಿರಾಕಿಗಳ ಮುಂದೆ ಸೀರೆ ಹರಡಿ ಕುಳಿತಿದ್ದೆ. ಅವಳ ಟೀಚರು ಡಿಸೋಜಾ ಮಿಸ್ಸಿನ ಫೋನು. ಮಂಗಳೂರಿನವರಾದ್ದರಿಂದ ನನ್ನೊಡನೆ ಕನ್ನಡದಲ್ಲೇ ಮಾತು.

"ಅಮ್ಮ, ನಿಮ್ಮ ಮೊಮ್ಮಗಳು ಎಕ್ಸಾಮಿನ ಮಧ್ಯೆ ಬ್ಯಾಗು ಎತ್ತಿಕೊಂಡು ಕ್ಲಾಸಿಂದ ಹೊರಗೆ ಹೋದಳು ಮಾರಾಯ್ರೆ. ಎಂತ ಕಥೆ ಇದು?"

ನನಗೆ ತಕ್ಷಣ ಅರ್ಥವಾಯಿತು. "ಬೇಗ ಹೋದಳಾ, ನಿಧಾನಕ್ಕೆ ಹೋದಳಾ?" ಎಂದು ಕೇಳಿದೆ.

"ತುಂಬ ನಿಧಾನ. ಯಾಕೆ?"

ಎದೆ ಉಬ್ಬಿತು, ಸುಳ್ಳು ಹೇಳುವುದಿಲ್ಲ. ಆದರೆ ಮುಂದಿನ ಮಾತಿಗೆ ಅಷ್ಟೇ ಬೇಗ ಇಳಿಯಿತು. ಮಿಸ್ಸು ಎಂಟು ಮತ್ತು ಏಳು ಕೂಡಿದರೆ ಎಷ್ಟು ಎಂದು ಕೇಳಿದ್ದರು. ಅನ್ವಿ "ನೀವೇ ಹೇಳಿ ಮಿಸ್" ಎಂದಿದ್ದಳು. ಅವರು ಒಪ್ಪದಿದ್ದಾಗ ಇಪ್ಪತ್ತು ಎಂದಳು, ತಪ್ಪು ಎಂದರು. ಹದಿನೆಂಟಕ್ಕೆ ಇಳಿದಳು, ತಪ್ಪು. "ಚಲೋ, ಸಿಕ್ಸ್‌ಟೀನ್, ಲಾಸ್ಟ್" ಎಂದಳು, ಅದೂ ತಪ್ಪು. ಆಗ ಬ್ಯಾಗು ಎತ್ತಿಕೊಂಡಳು. ಸೋಮವಾರದಿಂದ ಅವಳನ್ನು ಲೆಕ್ಕ ಬಾರದ ಮಕ್ಕಳ ಬ್ಯಾಚಿನಲ್ಲಿ ಬೇರೆ ಕೂರಿಸುವುದಾಗಿ ಮಿಸ್ಸು ಹೇಳಿದರು.

ಸೀರೆಗಳನ್ನು ಹಾಗೇ ಬಿಟ್ಟು ರಿಕ್ಷಾ ಹಿಡಿದೆ. ಶಾಲೆಯ ಮೆಟ್ಟಿಲ ಮೇಲೆ ಅನ್ವಿ ಮಂಡಿಗೆ ಮುಖ ಹಚ್ಚಿ ಕುಳಿತಿದ್ದಳು.

"ಅಜ್ಜಿ, ಮಿಸ್ ಬುಲಾಯಾ ಹೀ ನಹೀ. ನಾನು ಸ್ಲೋ ಸ್ಲೋ ಹೋದೆ. ಕರೀಲೇ ಇಲ್ಲ." ಆಮೇಲೆ ಸಣ್ಣ ದನಿಯಲ್ಲಿ, "ಪೇಟ್ ಮೆ ದುಖ್ ರಹಾ ಹೈ" ಎಂದಳು.

ಆ ಹೊಟ್ಟೆನೋವು ವಾಪಸು ಬಂದಿತ್ತು. ಮೊದಲು ಬರೀ ಪುಸ್ತಕಕ್ಕೆ ಹೆದರುತ್ತಿದ್ದಳು, ಈಗ ಹೆದರಿಕೆಗೆ ಅವಮಾನವೂ ಸೇರಿತ್ತು. ಬೇರೆ ಬ್ಯಾಚಿನಲ್ಲಿ ಒಮ್ಮೆ ಕೂತರೆ ತನಗೆ ಲೆಕ್ಕ ಬರುವುದೇ ಇಲ್ಲ ಎಂದು ಆ ತಲೆ ನಿಶ್ಚಯಿಸಿಬಿಡುತ್ತದೆ. ನಾನು ಒಳಗೆ ಹೋಗಿ ಮಿಸ್ಸಿನ ಹತ್ತಿರ ಇನ್ನೊಂದು ಅವಕಾಶ ಕೇಳಿದೆ. ಯಾವ ಆಟವನ್ನೂ ಕಟ್ಟದೆ ಕೈ ಮುಗಿದು ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಲಂಚ್ ಬ್ರೇಕ್ ಮುಗಿಯುವುದರ ಒಳಗೆ ಕರೆದುಕೊಂಡು ಬನ್ನಿ" ಎಂದರು.

ಸೀರೆ ಮಾರುವವಳ ಚೀಲದಲ್ಲಿ ಸೇಫ್ಟಿ ಪಿನ್ನು ಇದ್ದೇ ಇರುತ್ತದೆ. ಮೆಟ್ಟಿಲ ಮೇಲೆ ಒಂದು ಕಡೆ ಎಂಟು, ಇನ್ನೊಂದು ಕಡೆ ಏಳು ಇಟ್ಟೆ. "ಮಿಸ್ಸನ್ನು ಬಿಡು. ಈಗ ಇವುಗಳ ಹತ್ತಿರ ಚೌಕಾಸಿ ಮಾಡು" ಎಂದೆ. ಅವಳು ಮೂಗೊರೆಸಿಕೊಂಡು, ಹದಿನಾರು ಎಂದು ಹೇಳಿ ಎಣಿಸಿದಳು. ಹದಿನೈದೇ ಬಂತು. ಬಲದಿಂದ ಎಣಿಸಿದಳು, ಎಡದಿಂದ ಎಣಿಸಿದಳು. ಗುಂಡಗೆ ಜೋಡಿಸಿದಳು, ಉದ್ದಕ್ಕೆ ಜೋಡಿಸಿದಳು. "ಪ್ಲೀಸ್" ಎಂದೂ ಕೇಳಿದಳು. ಬೆನ್ನು ಹಾಕಿ ಮೂರು ಮೆಟ್ಟಿಲು ಇಳಿದು, ಹಾರಿ ಬಂದು ಮತ್ತೆ ಎಣಿಸಿದಳು.

"ಅಜ್ಜಿ! ಇದು ಮಾನ್‌ತಾ ಹೀ ನಹೀ! ಒಪ್ಪೋದೇ ಇಲ್ಲ!" ಎಂದು ಕಿರುಚಿ ನಗತೊಡಗಿದಳು. ಜಗಳಗಂಟ ಗೆಳತಿಯೊಬ್ಬಳು ಸಿಕ್ಕ ಹಾಗೆ.

ಒಳಗೆ ಡಿಸೋಜಾ ಮಿಸ್ಸು ಒಂಬತ್ತು ಮತ್ತು ಆರು ಕೇಳಿದರು. ಅನ್ವಿ ಬೆರಳು ಮಡಚಿ, ಬಿಚ್ಚಿ, ಹದಿನೈದು ಎಂದಳು. ನಾನು ಉಸಿರು ಬಿಟ್ಟೆ. ಆದರೆ ಮಂಗಳೂರಿನವರು ಅಷ್ಟು ಸುಲಭದಲ್ಲಿ ಬಿಡುವವರಲ್ಲ. ಅವರು ಡ್ರಾಯರಿನಿಂದ ಹೊಳೆಯುವ ಬಂಗಾರದ ಬಣ್ಣದ ನಕ್ಷತ್ರದ ಹಾಳೆ ತೆಗೆದು ಮೇಜಿನ ಮೇಲಿಟ್ಟರು. ಒಂದನೇ ಕ್ಲಾಸಿನಲ್ಲಿ ಅದಕ್ಕಿಂತ ದೊಡ್ಡ ಸಂಪತ್ತಿಲ್ಲ.

"ಹದಿನಾಲ್ಕು ಅನ್ನು, ಎರಡು ಸ್ಟಾರ್ ಕೊಡ್ತೇನೆ."

ಅನ್ವಿ ನಕ್ಷತ್ರ ನೋಡಿದಳು. ತುಟಿ ಕಚ್ಚಿದಳು.

"ಆಯ್ತು, ಇಡೀ ಹಾಳೆ ನಿನಗೇ. ಹದಿನಾಲ್ಕು?"

ಮಗುವಿನ ಕೈ ಮೇಜಿನ ಅಂಚಿನವರೆಗೂ ಹೋಯಿತು. ಅಲ್ಲಿಂದ ಹಿಂದೆ ಬಂದು ಫ್ರಾಕಿನ ಜೇಬಿಗೆ ಇಳಿಯಿತು. "ನಹೀ ಮಿಸ್. ಆಗಲ್ಲ. ಫಿಫ್ಟೀನ್ ಹೀ ಹೈ."

ಮಿಸ್ಸು ನಕ್ಕು ಹಾಳೆಯಿಂದ ಒಂದೇ ಒಂದು ನಕ್ಷತ್ರ ಕಿತ್ತು ಅವಳ ಹಣೆಗೆ ಅಂಟಿಸಿದರು. ಬೇರೆ ಬ್ಯಾಚಿನ ಮಾತು ಮತ್ತೆ ಎತ್ತಲಿಲ್ಲ. ಅನ್ವಿ ಕುಣಿಯುತ್ತಾ ಮೆಟ್ಟಿಲಿಳಿದಳು. ನಾನು ಅವಳ ಹಿಂದೆ ತಲೆ ತಗ್ಗಿಸಿ ಇಳಿಯುತ್ತಿದ್ದೆ. ನಾನಾಗಿದ್ದರೆ ಇಡೀ ಹಾಳೆ ತೆಗೆದುಕೊಂಡು ಹದಿನಾಲ್ಕು ಎಂದುಬಿಡುತ್ತಿದ್ದೆ.