ಪಟ್ಟಿಯಕ್ಕ

ನಮ್ಮ ಮಹಡಿಯ ಮನೆಗೆ ಬಾಡಿಗೆಗೆ ಬಂದ ದಿನವೇ ಆಕೆ, ಗಂಟುಮೂಟೆ ಬಿಚ್ಚುವ ಮೊದಲೇ ಕಂಪ್ಯೂಟರ್ ತೆರೆದು, ಕೆರೆಯೊಂದರ ನೀರಿನ ಬಿಸಿಯನ್ನು ಬಣ್ಣಗಳಲ್ಲಿ ತೋರಿಸುವ ನಕ್ಷೆಯನ್ನು ನನ್ನ ಮುಂದಿಟ್ಟಳು. "ಬಲು ಸೊಗಸು" ಎಂದೆ. "ಸೊಗಸು ಇರಲಿ ಮೇಷ್ಟ್ರೇ, ಈ ಕೆಂಪು ಎಷ್ಟು ಡಿಗ್ರಿ ಹೇಳಿ?" ನಾನು ಪೆಚ್ಚಾದೆ. ಆಕೆ ಒಂದು ಸಾಲು ಟೈಪು ಮಾಡಿದಳು; ಯಾವ ಬಣ್ಣಕ್ಕೆ ಎಷ್ಟು ಬಿಸಿ ಎಂದು ಹೇಳುವ ಅಂಕಿಗಳಿರುವ ಉದ್ದನೆಯ ಬಣ್ಣದ ಪಟ್ಟಿಯೊಂದು ನಕ್ಷೆಯ ಪಕ್ಕದಲ್ಲಿ ಮೂಡಿತು. "ಎಲ್ಲಿಂದ ಬಂತಮ್ಮಾ?" "ಲೈಬ್ರರಿಯಿಂದ." ಅದು ಪುಸ್ತಕಗಳದ್ದಲ್ಲ, ಪ್ರೋಗ್ರಾಮುಗಳದ್ದು ಎಂದು ತಿಳಿಯಲು ನನಗೆ ಬಹಳ ದಿನ ಹಿಡಿಯಿತು. ಕೆಲಸ ಮಾಡುವ ಪ್ರಯೋಗಾಲಯದಲ್ಲಿ ಎಲ್ಲರಿಗೂ ಆಕೆ ಪಟ್ಟಿಯಕ್ಕ. ಯಾರಾದರೂ ಪಟ್ಟಿಯಿಲ್ಲದ ನಕ್ಷೆ ತಂದರೆ, "ಇದು ಬರೀ ಬಣ್ಣದ ಮಾತು, ಪಟ್ಟಿ ಹಾಕಪ್ಪಾ, ಬಣ್ಣ ಬಯಲಾಗಲಿ" ಎನ್ನುವಳು. ಗಂಡ ಮುಖ ಊದಿಸಿಕೊಂಡರೆ ಅವನ ಕಿವಿಯ ಪಕ್ಕಕ್ಕೂ ಒಂದು ಪಟ್ಟಿ ಬೇಕೆನ್ನುವಳು. ಆಕೆಯ ಪ್ರತಿಯೊಂದು ನಕ್ಷೆಯನ್ನೂ ಮೊದಲು ನೋಡಿ "ಸೂಪರ್ ಅಕ್ಕಾ" ಎನ್ನುತ್ತಿದ್ದವನು ಮನೆಯಲ್ಲಿ ಜೊತೆಗಿದ್ದ ಸ್ವಂತ ತಮ್ಮ. ಒಮ್ಮೆ ಆಕೆ ತಮಾಷೆಗೆ, "ಎಲ್ಲಿ ಹೆಚ್ಚು ಬಿಸಿ, ಬೆರಳಿಟ್ಟು ತೋರಿಸೋ" ಎಂದಾಗ ಅವನು ಕೆಂಪನ್ನು ಬಿಟ್ಟು ಹಸಿರಿನ ಮೇಲೆ ಬೆರಳಿಟ್ಟ. "ಎರಡೂ ನನಗೆ ಒಂದೇ ಥರ ಕಾಣುತ್ತೆ ಅಕ್ಕಾ. ನಿನಗೆ ಬೇಜಾರಾಗಬಾರದು ಅಂತ ಸುಮ್ಮನಿದ್ದೆ." ಅಂದು ಆಕೆಗೆ ಊಟ ಸೇರಲಿಲ್ಲ. ಈಗ ತಮ್ಮನನ್ನು ಪಕ್ಕದಲ್ಲೇ ಕೂರಿಸಿಕೊಂಡು, ಹಳೆಯ ನಕ್ಷೆಗಳನ್ನೆಲ್ಲ ಅವನ ಕಣ್ಣಿಗೂ ವ್ಯತ್ಯಾಸ ತಿಳಿಯುವಂತೆ ಕಡುನೀಲಿಯಿಂದ ತಿಳಿಹಳದಿಗೆ ಏರುವ ಬಣ್ಣಗಳಲ್ಲಿ ಮತ್ತೆ ಬಿಡಿಸುತ್ತಿದ್ದಾಳೆ. ನಿನ್ನೆ ಅವನು, "ಪಟ್ಟಿ ತಲೆಕೆಳಗಾಗಿದೆ ಕಣೇ ಅಕ್ಕಾ, ಮಟಮಟ ಮಧ್ಯಾಹ್ನ ನಿನ್ನ ಕೆರೆ ಹೆಪ್ಪುಗಟ್ಟಿ ಕೂತಿದೆ!" ಎಂದು ಗದರಿದನಂತೆ; ಆ ಬೈಗುಳವನ್ನು ಆಕೆ ಬೆಳಗಿನಿಂದ ಬೀದಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ನಗುತ್ತಿದ್ದಾಳೆ.